ತೊಳೆದ ಮೇಲೂ ಲೋಹದ ಭಾಗಗಳ ಮೇಲೆ ಎಣ್ಣೆ: ಎಲ್ಲಿಂದ ಬರುತ್ತಿದೆ?

ಲೋಹಪ್ರಿಯ

ನಾವು ಉಕ್ಕಿನ ತಗಡಿನಿಂದ ಬ್ರಾಕೆಟ್‌ಗಳನ್ನು ಮಾಡುತ್ತೇವೆ. ಪ್ರೆಸ್‌ನಲ್ಲಿ ಕತ್ತರಿಸಿ ಬಾಗಿಸಿ, ವೈಬ್ರೇಟರಿ ಯಂತ್ರದಲ್ಲಿ ಸೆರಾಮಿಕ್ ಮೀಡಿಯಾ (ಉಜ್ಜುವ ಸಣ್ಣ ಕಲ್ಲುಗಳು) ಜೊತೆ ಹಾಕಿ, ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪಾದ ಚೂರು, ಅಂದರೆ ಬರ್ ತೆಗೆಯುತ್ತೇವೆ. ನಂತರ ಕ್ಷಾರದ ಬಿಸಿ ತೊಟ್ಟಿಯಲ್ಲಿ ತೊಳೆದು, ನೀರಿನಲ್ಲಿ ಜಾಲಿಸಿ, ಗಾಳಿ ಊದಿ ಒಣಗಿಸುತ್ತೇವೆ. ಒಂದು ಪಾಲು ಸತು ಲೇಪನಕ್ಕೆ ಹೋಗುತ್ತದೆ, ಉಳಿದದ್ದು ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿ ಹಾಕಿ ಓವನ್‌ನಲ್ಲಿ ಬೇಯಿಸುವುದು).

ಲೇಪನ ಒಂದೇ ರೀತಿ ಬರುತ್ತಿಲ್ಲ. ಸತುವಿನ ಮೇಲೆ ಅಲ್ಲಲ್ಲಿ ಗುಳ್ಳೆಗಳು, ಉಗುರಿನಿಂದ ಕೆರೆದರೆ ಪದರ ಎದ್ದು ಬರುತ್ತದೆ. ಪೌಡರ್ ಹಾಕಿದ ಭಾಗಗಳು ಓವನ್‌ನಿಂದ ಹೊರಬಂದಾಗ ಸಣ್ಣ ಕುಳಿಗಳು, ಅದರಲ್ಲೂ ತಗಡನ್ನು ಮಡಚಿದ ಅಂಚಿನ ಉದ್ದಕ್ಕೂ. ಕೆಲವು ಬ್ಯಾಚ್ ಪೂರ್ತಿ ಚೊಕ್ಕಟವಾಗಿರುತ್ತವೆ, ಮರುದಿನದ ಬ್ಯಾಚ್ ಹಾಳು. ಕ್ಲೀನರ್‌ನ ಸಾಂದ್ರತೆ ಹೆಚ್ಚಿಸಿ ನೋಡಿದೆವು, ಒಂದೆರಡು ದಿನ ಸುಧಾರಿಸಿದಂತೆ ಕಂಡು ಮತ್ತೆ ಅದೇ ಕಥೆ. ಎಣ್ಣೆಯೇ ಕಾರಣ ಎಂದು ಲೇಪನದವರು ಹೇಳುತ್ತಾರೆ. ಇದಕ್ಕಿಂತ ಬಲವಾದ ಕ್ಲೀನರ್ ಯಾವುದು ಎಂದು ಬಲ್ಲವರು ತಿಳಿಸಬೇಕು.

---

ಸಾಣೆಕಲ್ಲು

ಕ್ಲೀನರ್ ಬದಲಾಯಿಸಬೇಡಿ, ಸದ್ಯಕ್ಕಂತೂ ಬೇಡ. ಬ್ಯಾಚ್‌ನಿಂದ ಬ್ಯಾಚ್‌ಗೆ ಫಲಿತಾಂಶ ಹೀಗೆ ಏರಿಳಿದರೆ ಕ್ಲೀನರ್‌ನ ಬಲದ ಪ್ರಶ್ನೆ ಆಮೇಲಿನದು. ಎಣ್ಣೆ ಯಾವ ಯಾವ ಹಂತದಲ್ಲಿ ಭಾಗದ ಮೇಲೆ ಮರಳಿ ಕೂರುತ್ತಿದೆ ಎಂಬುದು ಮೊದಲ ಪ್ರಶ್ನೆ.

ನನ್ನ ಅನುಮಾನ ಮೊದಲು ವೈಬ್ರೇಟರಿ ಯಂತ್ರದ ಮೇಲೆ. ಪ್ರೆಸ್‌ನಿಂದ ಬಂದ ಭಾಗಗಳನ್ನು ತೊಳೆಯದೆ ನೇರವಾಗಿ ಅದಕ್ಕೆ ಸುರಿಯುತ್ತೀರಿ ಎಂದು ನಿಮ್ಮ ಬರಹದಿಂದ ತಿಳಿಯುತ್ತದೆ. ಹಾಗಿದ್ದರೆ ಪ್ರೆಸ್‌ನಲ್ಲಿ ಹಚ್ಚಿದ ಡ್ರಾಯಿಂಗ್ ಎಣ್ಣೆಯೆಲ್ಲ ಮೀಡಿಯಾಕ್ಕೆ ಹತ್ತುತ್ತದೆ. ಎಣ್ಣೆ, ಲೋಹದ ನುಣ್ಣನೆಯ ಪುಡಿ, ಸವೆದ ಮೀಡಿಯಾದ ಪುಡಿ ಮೂರೂ ಸೇರಿ ಕಲ್ಲಿನ ರಂಧ್ರಗಳನ್ನು ತುಂಬುತ್ತವೆ. ಮೀಡಿಯಾ ಕಪ್ಪಾಗಿ ಹೊಳೆಯತೊಡಗುತ್ತದೆ, ಕೈಯಲ್ಲಿ ಹಿಡಿದರೆ ಜಾರುತ್ತದೆ. ಅಂಥ ಮೀಡಿಯಾ ಬರ್ ಕತ್ತರಿಸುವುದಿಲ್ಲ, ಉಜ್ಜಿ ಮಡಚುತ್ತದೆ ಅಷ್ಟೇ. ಮಡಚಿದ ಬರ್‌ನ ಅಡಿಯಲ್ಲಿ ಸಿಕ್ಕಿಕೊಂಡ ಎಣ್ಣೆಯನ್ನು ಮುಂದಿನ ಯಾವ ತೊಟ್ಟಿಯೂ ಸುಲಭವಾಗಿ ಹೊರತೆಗೆಯಲಾರದು.

ಒಂದು ಹಿಡಿ ಮೀಡಿಯಾವನ್ನು ಗಾಜಿನ ಲೋಟಕ್ಕೆ ಹಾಕಿ, ಬಿಸಿನೀರು ಸುರಿದು ಚೆನ್ನಾಗಿ ಕಲಕಿ ಬಿಡಿ. ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ ಕಂಡರೆ ಉತ್ತರ ಸಿಕ್ಕಿತು.

ವೈಬ್ರೇಟರಿ ಯಂತ್ರಕ್ಕೆ ಬಿಡುವ ತೊಳೆಯುವ ದ್ರಾವಣವನ್ನು ಒಮ್ಮೆ ಬಳಸಿ ಹೊರಬಿಡುತ್ತೀರೋ, ಅಥವಾ ತೊಟ್ಟಿಗೆ ಇಳಿಸಿ ಮತ್ತೆ ಮೇಲಕ್ಕೆ ಪಂಪ್ ಮಾಡುತ್ತೀರೋ? ಎರಡನೆಯದಾದರೆ ಎಣ್ಣೆಯನ್ನು ಬೇರ್ಪಡಿಸುವ ವ್ಯವಸ್ಥೆ ಏನಿದೆ ಎಂದೂ ಬರೆಯಿರಿ.

---

ಲೋಹಪ್ರಿಯ

ದ್ರಾವಣವನ್ನು ಮತ್ತೆ ಮತ್ತೆ ಪಂಪ್ ಮಾಡುತ್ತೇವೆ. ಕೆಳಗೆ ಕೆಸರು ಕೂರಲು ಒಂದು ತೊಟ್ಟಿ ಇದೆ. ಎಣ್ಣೆ ಬೇರ್ಪಡಿಸುವುದಕ್ಕೆ ಏನೂ ಇಲ್ಲ.

---

ಸಾಣೆಕಲ್ಲು

ಹಾಗಾದರೆ ಕೊಳಕು ನೀರಿನಲ್ಲಿ ಬಟ್ಟೆ ಒಗೆದಂತೆಯೇ ಆಯಿತು. ಕೆಸರು ಕೆಳಗೆ ಕೂರುತ್ತದೆ, ಎಣ್ಣೆ ಮೇಲೆ ತೇಲುತ್ತದೆ ಅಥವಾ ಹಾಲಿನ ಬಣ್ಣಕ್ಕೆ ತಿರುಗಿ ದ್ರಾವಣದಲ್ಲೇ ಉಳಿಯುತ್ತದೆ. ಕೂರಿಸುವ ತೊಟ್ಟಿ ಎಣ್ಣೆಗೆ ಏನೂ ಮಾಡಲಾರದು.

ಸಾಧ್ಯವಿದ್ದರೆ ಹೊಸ ದ್ರಾವಣವನ್ನು ಸಣ್ಣ ಧಾರೆಯಾಗಿ ಮೇಲಿನಿಂದ ಬಿಡುತ್ತಾ, ಕೆಳಗಿನಿಂದ ಹೊರಹೋಗಲು ಬಿಡಿ. ದ್ರಾವಣದಲ್ಲಿ ಕಾಂಪೌಂಡ್ (ನೀರಿಗೆ ಬೆರೆಸುವ ತೊಳೆಯುವ ರಾಸಾಯನಿಕ) ಶೇ 1ರಿಂದ 2ರಷ್ಟಿದ್ದರೆ ಸಾಮಾನ್ಯವಾಗಿ ಸಾಕು. ಹೊರಗೆ ಹರಿದದ್ದನ್ನು ಸಂಸ್ಕರಿಸದೆ ಚರಂಡಿಗೆ ಬಿಡುವಂತಿಲ್ಲ, ಆದ್ದರಿಂದ ಅದರ ಏರ್ಪಾಡನ್ನು ಮೊದಲು ಮಾಡಿಕೊಳ್ಳಿ. ಮರುಬಳಕೆ ಅನಿವಾರ್ಯವಾದರೆ ಸೆಂಟ್ರಿಫ್ಯೂಜ್ ಅಥವಾ ಕನಿಷ್ಠ ಒಂದು ಬೆಲ್ಟ್ ಸ್ಕಿಮ್ಮರ್ (ತೇಲುವ ಎಣ್ಣೆಯನ್ನು ಪಟ್ಟಿಯಿಂದ ಎತ್ತಿ ತೆಗೆಯುವ ಸಾಧನ) ಬೇಕು. ಎಲ್ಲಕ್ಕಿಂತ ಮುಖ್ಯ, ಪ್ರೆಸ್‌ಗೂ ವೈಬ್ರೇಟರ್‌ಗೂ ನಡುವೆ ಒಂದು ಸರಳವಾದ ಮೊದಲ ತೊಳೆತ ಇರಲಿ. ಭಾಗಗಳನ್ನು ಒಂದಷ್ಟು ಹೊತ್ತು ಬುಟ್ಟಿಯಲ್ಲಿ ಸೋರಲು ಬಿಟ್ಟರೂ ಎಣ್ಣೆಯ ದೊಡ್ಡ ಪಾಲು ಅಲ್ಲೇ ಇಳಿಯುತ್ತದೆ, ಮರಳಿ ಪ್ರೆಸ್‌ಗೆ ಬಳಸಲೂ ಬಹುದು.

---

ರಸಾಯನಿ

ಸಾಣೆಕಲ್ಲು ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಕ್ಷಾರದ ತೊಟ್ಟಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅಲ್ಲಿ ಏನು ನಡೆಯುತ್ತದೆ ಎಂಬ ಬಗ್ಗೆ ತಪ್ಪು ಕಲ್ಪನೆ ಬಹಳ.

ಕ್ಷಾರ ಎಣ್ಣೆಯನ್ನು ಸಾಬೂನಾಗಿ ಮಾರ್ಪಡಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸಸ್ಯ ಮತ್ತು ಪ್ರಾಣಿ ಮೂಲದ ಕೊಬ್ಬಿನ ಎಣ್ಣೆಗಳಿಗೆ ಮಾತ್ರ ನಿಜ. ಖನಿಜ ತೈಲ ಹೈಡ್ರೊಕಾರ್ಬನ್, ಕಾಸ್ಟಿಕ್ (ತೀವ್ರ ಕ್ಷಾರ) ಎಷ್ಟೇ ಸುರಿದರೂ ಸಾಬೂನಾಗುವುದಿಲ್ಲ. ಅದನ್ನು ಲೋಹದಿಂದ ಬಿಡಿಸುವ ಕೆಲಸ ಸರ್ಫ್ಯಾಕ್ಟಂಟ್‌ನದು (ಡಿಟರ್ಜೆಂಟ್‌ನಲ್ಲಿರುವಂಥ, ಎಣ್ಣೆಯನ್ನು ನೀರಿಗೆ ಬಿಡಿಸುವ ವಸ್ತು), ಜೊತೆಗೆ ಶಾಖ ಮತ್ತು ಕಲಕುವಿಕೆಯದು. ನೀವು ಸಾಂದ್ರತೆ ಏರಿಸಿದಾಗ ಹೆಚ್ಚಿನ ಲಾಭ ಕಾಣದಿರಲು ಇದೂ ಒಂದು ಕಾರಣವಿರಬಹುದು. ಉಕ್ಕನ್ನು ಮುಳುಗಿಸಿ ತೊಳೆಯುವ ಕ್ಲೀನರ್‌ಗಳು ಬಹುಪಾಲು 60ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುವಂಥವು. ಬೆಳಿಗ್ಗೆ ತೊಟ್ಟಿ ಪೂರ್ತಿ ಕಾಯುವ ಮೊದಲೇ ಮೊದಲ ಬುಟ್ಟಿ ಇಳಿಸಿದರೆ ಆ ಬ್ಯಾಚ್ ಕೆಡುತ್ತದೆ. ಹಾಳಾದ ಬ್ಯಾಚ್‌ಗಳು ಯಾವ ಹೊತ್ತಿನವು ಎಂದು ದಾಖಲೆ ತೆಗೆದು ನೋಡಿ.

ಶಾಖ ಹೆಚ್ಚಾದರೂ ತೊಂದರೆ ಇದೆ. ಅಯಾನುರಹಿತ ಸರ್ಫ್ಯಾಕ್ಟಂಟ್‌ಗಳಿಗೆ ಮಬ್ಬುಬಿಂದು ಎಂಬುದೊಂದಿದೆ. ಆ ಉಷ್ಣತೆ ದಾಟಿದರೆ ಅವು ನೀರಿನಿಂದ ಬೇರ್ಪಡುತ್ತವೆ. ಸ್ಪ್ರೇ ಯಂತ್ರದಲ್ಲಿ ಇದರಿಂದ ನೊರೆ ಕಡಿಮೆಯಾಗುತ್ತದೆ, ಅಲ್ಲಿ ಅದು ಅನುಕೂಲ. ಮುಳುಗಿಸುವ ತೊಟ್ಟಿಯಲ್ಲಿ ಬೇರ್ಪಟ್ಟ ಸರ್ಫ್ಯಾಕ್ಟಂಟೇ ಭಾಗದ ಮೇಲೆ ಪೊರೆಯಾಗಿ ಕೂರಬಹುದು. ತಯಾರಕರು ಕೊಟ್ಟ ಉಷ್ಣತೆಯ ಮಿತಿಯನ್ನು ಎರಡೂ ಕಡೆಯಿಂದ ಪಾಲಿಸಿ.

ಈಗ ನಾನು ಒತ್ತಿ ಹೇಳಬೇಕಾದ ಸಂಗತಿ. ಭಾಗದಿಂದ ಬಿಟ್ಟ ಎಣ್ಣೆ ತೊಟ್ಟಿಯ ಮೇಲ್ಭಾಗದಲ್ಲಿ ತೇಲುತ್ತದೆ. ಕೆಳಗೆ ಚೆನ್ನಾಗಿ ತೊಳೆದ ಭಾಗವನ್ನು ಮೇಲೆತ್ತುವಾಗ ಅದು ಆ ಪದರವನ್ನು ಹಾದೇ ಬರಬೇಕು. ಬರುವಾಗ ಎಣ್ಣೆಯನ್ನು ಮೈಗೆ ಬಳಿದುಕೊಂಡೇ ಬರುತ್ತದೆ. ಎಣ್ಣೆ ತೆಗೆಯಲು ಕಟ್ಟಿದ ತೊಟ್ಟಿಯೇ ಎಣ್ಣೆ ಹಚ್ಚುವ ಜಾಗವಾಗುವುದು ಹೀಗೆ. ತೊಟ್ಟಿಯ ಒಂದು ಬದಿಯಲ್ಲಿ ಉಕ್ಕಿ ಹರಿಯುವ ಅಂಚು ಇಟ್ಟು, ಎದುರು ಬದಿಯಿಂದ ಮೇಲ್ಮೈಗೆ ಸಮಾನಾಂತರವಾಗಿ ದ್ರಾವಣವನ್ನು ಚಿಮ್ಮಿಸಿದರೆ ಪೊರೆ ಆ ಅಂಚಿನ ಕಡೆಗೆ ಸರಿಯುತ್ತದೆ. ಉಕ್ಕಿದ್ದು ಪಕ್ಕದ ಸಣ್ಣ ಕೋಣೆಗೆ ಬೀಳಲಿ, ಅಲ್ಲಿ ಸ್ಕಿಮ್ಮರ್ ಎಣ್ಣೆ ತೆಗೆಯಲಿ, ದ್ರಾವಣ ಕೆಳಗಿನಿಂದ ಮರಳಲಿ. ಬುಟ್ಟಿ ಎತ್ತುವ ಮುನ್ನ ಮೇಲ್ಮೈ ತಿಳಿಯಾಗಿದೆಯೇ ಎಂದು ಕಣ್ಣಾರೆ ನೋಡುವುದು ಅಭ್ಯಾಸವಾಗಬೇಕು.

ಸ್ಕಿಮ್ಮರ್ ಕೆಲಸ ಮಾಡಬೇಕಾದರೆ ಕ್ಲೀನರ್ ಎಣ್ಣೆಯನ್ನು ಬಿಟ್ಟುಕೊಡುವ ಬಗೆಯದಾಗಿರಬೇಕು. ಎಣ್ಣೆಯನ್ನು ತನ್ನಲ್ಲೇ ಕರಗಿಸಿಟ್ಟುಕೊಳ್ಳುವ ಬಗೆಯ ಕ್ಲೀನರ್‌ನಲ್ಲಿ ಮೇಲೆ ಪೊರೆಯೇ ಕಾಣುವುದಿಲ್ಲ, ತೊಟ್ಟಿ ಶುದ್ಧವಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಅದರ ಧಾರಣಶಕ್ತಿ ಮುಗಿದ ದಿನ ಒಮ್ಮೆಲೇ ಎಲ್ಲ ಭಾಗಗಳೂ ಕೆಡುತ್ತವೆ. ಒಳಗೆ ಎಷ್ಟು ಎಣ್ಣೆ ಇದೆ ಎಂದು ತಿಳಿಯಲು ಅಳತೆಗೆರೆ ಇರುವ ಗಾಜಿನ ಕೊಳವೆಯಲ್ಲಿ ದ್ರಾವಣದ ಮಾದರಿ ತೆಗೆದುಕೊಂಡು, ಆಮ್ಲವನ್ನು ನಿಧಾನವಾಗಿ ಸೇರಿಸಿ ಬಿಸಿ ಮಾಡುತ್ತಾರೆ. ಎಣ್ಣೆ–ನೀರಿನ ಕಟ್ಟು ಒಡೆದು ಎಣ್ಣೆ ಮೇಲೇರುತ್ತದೆ, ಪದರವನ್ನು ಓದಿಕೊಳ್ಳಬಹುದು. ಕ್ಷಾರಕ್ಕೆ ಆಮ್ಲ ಸೇರಿಸಿದಾಗ ಶಾಖ ಹುಟ್ಟಿ ಉಕ್ಕಬಹುದು. ಕನ್ನಡಕ, ಕೈಗವಸು ಇಲ್ಲದೆ ಇದನ್ನು ಮಾಡಲೇಬಾರದು.

---

ಲೇಪನದಂಗಡಿ

ನಾವು ನಿಮ್ಮಂಥವರಿಂದ ಭಾಗಗಳನ್ನು ಪಡೆದು ಲೇಪನ ಮಾಡುವವರು. ಕ್ಲೀನರ್ ಬಗ್ಗೆ ವಾದಿಸುವ ಮೊದಲು ಪ್ರತಿ ಹಂತದ ನಂತರ ನೀರಿನ ಪೊರೆಯ ಪರೀಕ್ಷೆ ಮಾಡಿ ನೋಡಿ. ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಎಫ್22 ಎಂಬ ಮಾನದಂಡದಲ್ಲಿ ಇದೇ ಇದೆ. ಭಾಗವನ್ನು ಶುದ್ಧ ನೀರಿನಲ್ಲಿ ಅದ್ದಿ ಎತ್ತಿ, ಓರೆಯಾಗಿ ಹಿಡಿದು ಅರ್ಧ ನಿಮಿಷ ಗಮನಿಸಿ. ನೀರು ಅಖಂಡ ಪೊರೆಯಾಗಿ ನಿಂತರೆ ಸರಿ. ಹರಿದು ಹನಿಹನಿಯಾಗಿ ಹಿಂದೆ ಸರಿದರೆ ಆ ಜಾಗದಲ್ಲಿ ಎಣ್ಣೆ ಇದೆ. ಒಡೆದ ಜಾಗದ ಆಕಾರವನ್ನೂ ನೋಡಿ. ಬೆರಳಿನ ಗುರುತೋ, ಬುಟ್ಟಿ ತಾಗಿದ ಗೆರೆಯೋ, ಮಡಿಕೆಯಿಂದ ಸೋರಿದ ಕಲೆಯೋ ಎಂದು ಅದೇ ಹೇಳುತ್ತದೆ.

ಒಂದು ಎಚ್ಚರಿಕೆ. ಕ್ಲೀನರ್‌ನ ಸಾಬೂನಿನ ಅಂಶ ಉಳಿದಿದ್ದರೆ ಎಣ್ಣೆ ಇದ್ದರೂ ನೀರು ಹರಡಿಕೊಂಡು ಪರೀಕ್ಷೆ ಸುಳ್ಳಾಗಿ ಪಾಸಾಗುತ್ತದೆ. ಜಾಲಿಸಿದ ಮೇಲೆ ದುರ್ಬಲ ಆಮ್ಲದಲ್ಲಿ ಅದ್ದಿ, ಮತ್ತೆ ಶುದ್ಧ ನೀರಿನಲ್ಲಿ ಜಾಲಿಸಿ ಆಮೇಲೆ ನೋಡಿದರೆ ಆ ಮೋಸ ತಪ್ಪುತ್ತದೆ.

---

ಲೋಹಪ್ರಿಯ

ಎಲ್ಲರಿಗೂ ಧನ್ಯವಾದ. ಲೋಟದಲ್ಲಿ ಮೀಡಿಯಾ ಕಲಕಿದೆ, ಮೇಲೆ ಪೊರೆ ಸ್ಪಷ್ಟವಾಗಿ ಬಂತು. ಮೀಡಿಯಾವನ್ನು ಬಿಸಿ ಡಿಟರ್ಜೆಂಟ್‌ನಲ್ಲಿ ಓಡಿಸಿ ತೊಳೆಯುತ್ತಿದ್ದೇವೆ.

ನೀರಿನ ಪೊರೆಯ ಪರೀಕ್ಷೆಯಲ್ಲಿ ವಿಚಿತ್ರವೊಂದು ಕಂಡಿತು. ಆಮ್ಲದಲ್ಲಿ ಅದ್ದಿ ತೆಗೆದೇ ನೋಡಿದೆವು. ಕ್ಷಾರದ ತೊಟ್ಟಿಯ ನಂತರ ಜಾಲಿಸಿದ ಭಾಗಗಳಲ್ಲಿ ಮಡಿಕೆಯ ಅಂಚು ಬಿಟ್ಟರೆ ಪೊರೆ ಚೆನ್ನಾಗಿ ನಿಲ್ಲುತ್ತದೆ. ಅದೇ ಭಾಗಗಳನ್ನು ಒಣಗಿಸಿ ಮತ್ತೆ ನೀರಿಗೆ ಅದ್ದಿದರೆ ಹಲವೆಡೆ ಒಡೆಯುತ್ತದೆ. ಒಣಗುವಾಗ ಎಣ್ಣೆ ಎಲ್ಲಿಂದ ಬರಬೇಕು?

---

ಗಾಳಿಕೊಳವೆ

ಊದುವ ಗಾಳಿಯಿಂದ. ನಿಮ್ಮ ಕಂಪ್ರೆಸರ್ ಎಣ್ಣೆ ತುಂಬಿದ ಸ್ಕ್ರೂ ಬಗೆಯದಾಗಿದ್ದರೆ ಗಾಳಿಯ ಜೊತೆ ಎಣ್ಣೆಯ ಸೂಕ್ಷ್ಮ ಹನಿಗಳೂ ಆವಿಯೂ ಬರುತ್ತವೆ. ಇಷ್ಟೆಲ್ಲ ಶ್ರಮಪಟ್ಟು ತೊಳೆದ ಲೋಹದ ಮೇಲೆ ಆ ಗಾಳಿಯನ್ನು ಊದುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಪರೀಕ್ಷೆ ಬಹಳ ಸುಲಭ. ಗಾಳಿ ಹೊರಬರುವ ತುದಿಯಿಂದ 60 ಸೆಂಟಿಮೀಟರ್ ಒಳಗೆ ಬಿಳಿಯ ಒತ್ತುಕಾಗದ ಅಥವಾ ಬಿಳಿ ಬಟ್ಟೆ ಹಿಡಿದು, ಕನಿಷ್ಠ ಒಂದು ನಿಮಿಷ ಗಾಳಿ ಬಿಡಿ. ಎಎಸ್‌ಟಿಎಂ ಡಿ4285 ಹೇಳುವುದೂ ಇದನ್ನೇ. ತೇವ ಅಥವಾ ಕಲೆ ಕಂಡರೆ ಆ ಗಾಳಿ ಬಳಕೆಗೆ ಯೋಗ್ಯವಲ್ಲ. ಕಾಗದ ಚೊಕ್ಕಟವಾಗಿದ್ದರೂ ಆವಿರೂಪದ ಎಣ್ಣೆ ಇಲ್ಲವೆಂದು ಅರ್ಥವಲ್ಲ, ಅದು ಮಾತ್ರ ನೆನಪಿರಲಿ.

ಗಾಳಿಯಲ್ಲಿರುವ ಎಣ್ಣೆಗೆ ಐಎಸ್‌ಒ 8573-1 ದರ್ಜೆಗಳನ್ನು ಕೊಟ್ಟಿದೆ. ಹನಿ, ದ್ರವ, ಆವಿ ಎಲ್ಲ ಸೇರಿ ಘನಮೀಟರಿಗೆ 0.01 ಮಿಲಿಗ್ರಾಂ ಮೀರದಿದ್ದರೆ ದರ್ಜೆ 1, 0.1 ಮೀರದಿದ್ದರೆ ದರ್ಜೆ 2, 1 ಮಿಲಿಗ್ರಾಂವರೆಗೆ ದರ್ಜೆ 3. ಲೇಪನಕ್ಕೆ ಹೋಗುವ ಭಾಗಕ್ಕೆ ದರ್ಜೆ 1 ಇರಬೇಕೆಂಬುದು ನನ್ನ ಅಭಿಪ್ರಾಯ. ಕೋಲೆಸಿಂಗ್ ಫಿಲ್ಟರ್ ಹನಿಗಳನ್ನು ಹಿಡಿಯುತ್ತದೆ, ಆವಿಯನ್ನು ಹಿಡಿಯುವುದಿಲ್ಲ. ಗಾಳಿ ಬಿಸಿಯಾಗಿರುವಾಗ ಫಿಲ್ಟರ್ ದಾಟಿದ ಆವಿ ಮುಂದಿನ ತಣ್ಣನೆಯ ಕೊಳವೆಯಲ್ಲಿ ಮತ್ತೆ ಹನಿಯಾಗುತ್ತದೆ. ಆದ್ದರಿಂದ ಗಾಳಿ ಮೊದಲು ತಣಿಯಬೇಕು, ಒಣಗಬೇಕು, ಆಮೇಲೆ ಕೋಲೆಸಿಂಗ್ ಫಿಲ್ಟರ್, ಅದರ ಮುಂದೆ ಸಕ್ರಿಯ ಇಂಗಾಲ. ಇಂಗಾಲ ತುಂಬಿತೆಂದು ಒತ್ತಡದ ಮಾಪಕ ತೋರಿಸುವುದಿಲ್ಲ, ಕಾಲಕಾಲಕ್ಕೆ ಬದಲಾಯಿಸಲೇಬೇಕು.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ. ಫಿಲ್ಟರ್ ಹೊಸದು ಹಾಕಿದರೂ ಹಳೆಯ ರಬ್ಬರ್ ಹೋಸ್ ವರ್ಷಗಳ ಎಣ್ಣೆಯನ್ನು ಹೀರಿಕೊಂಡಿರುತ್ತದೆ, ಅದು ಬಿಡುತ್ತಲೇ ಇರುತ್ತದೆ. ಫಿಲ್ಟರ್ ಜೊತೆಗೆ ಹೋಸ್ ಕೂಡ ಬದಲಾಗಬೇಕು. ಗಾಳಿಯ ಉಪಕರಣಗಳಿಗೆಂದು ಸಾಲಿನಲ್ಲಿ ಕೂರಿಸಿದ ಲೂಬ್ರಿಕೇಟರ್ (ಗಾಳಿಗೆ ಎಣ್ಣೆ ಬೆರೆಸುವ ಸಾಧನ) ದಾಟಿದ ಮೇಲೆ ಊದುವ ಗನ್‌ಗೆ ಗಾಳಿ ತೆಗೆದಿದ್ದರಂತೂ ಬೇರೆ ಕಾರಣ ಹುಡುಕುವುದೇ ಬೇಡ.

ಸಾಧ್ಯವಾದರೆ ಸಂಕುಚಿತ ಗಾಳಿಯನ್ನೇ ಬಿಟ್ಟು, ಬ್ಲೋವರ್‌ನ ಬಿಸಿಗಾಳಿಯಲ್ಲಿ ಒಣಗಿಸಿ.

---

ಹೊಸಬ

ಇಷ್ಟೆಲ್ಲ ಏಕೆ? ಲೇಪನಕ್ಕೆ ಮುನ್ನ ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಎಣ್ಣೆ ಹೋಗುವುದಿಲ್ಲವೇ? ಹಿಂದೆ ಟ್ರೈಕ್ಲೋರೋಎಥಿಲೀನ್ ಆವಿಯಲ್ಲಿ ಅದ್ದಿ ತೆಗೆಯುತ್ತಿದ್ದರು, ಅದರಷ್ಟು ಚೊಕ್ಕಟ ಯಾವುದೂ ಬರುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ.

---

ರಸಾಯನಿ

ಒರೆಸುವ ಬಟ್ಟೆ ಎಣ್ಣೆಯನ್ನು ಸ್ವಲ್ಪ ತೆಗೆಯುತ್ತದೆ, ಉಳಿದದ್ದನ್ನು ತೆಳುವಾಗಿ ಎಲ್ಲೆಡೆ ಹರಡುತ್ತದೆ. ದ್ರಾವಕ ಆರಿದ ಮೇಲೆ ಆ ತೆಳು ಪೊರೆ ಹಾಗೇ ಉಳಿಯುತ್ತದೆ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು, ಕೊನೆಯ ಒರೆಸುವಿಕೆಗೆ ಹೊಸ ಬಟ್ಟೆ, ಹೊಸ ದ್ರಾವಕ ಎಂಬ ಶಿಸ್ತಿದ್ದರೆ ಒಂದೆರಡು ದೊಡ್ಡ ಭಾಗಗಳಿಗೆ ನಡೆಯುತ್ತದೆ. ರಾಶಿ ಬ್ರಾಕೆಟ್‌ಗಳಿಗೆ ಅಲ್ಲ.

ಟ್ರೈಕ್ಲೋರೋಎಥಿಲೀನ್ ಬಗ್ಗೆ ಹಿರಿಯರು ಹೇಳುವುದು ತಾಂತ್ರಿಕವಾಗಿ ನಿಜ. 87 ಡಿಗ್ರಿಯಲ್ಲಿ ಕುದಿಯುತ್ತದೆ, ಅದರ ಆವಿ ತಣ್ಣನೆಯ ಭಾಗದ ಮೇಲೆ ಶುದ್ಧ ದ್ರವವಾಗಿ ಇಳಿದು ಎಣ್ಣೆಯನ್ನು ಕೊಚ್ಚಿಕೊಂಡು ಹೋಗುತ್ತದೆ, ಭಾಗವೂ ಆವಿಯಷ್ಟೇ ಬಿಸಿಯಾದಾಗ ಕ್ರಿಯೆ ನಿಲ್ಲುತ್ತದೆ. ಆದರೆ ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೆಯ ಗುಂಪಿಗೆ ಸೇರಿಸಿದೆ. ಕ್ಲೋರಿನ್ ಇರುವ ದ್ರಾವಕಗಳ ಆವಿ ವೆಲ್ಡಿಂಗ್ ಜ್ವಾಲೆಯ ಬಳಿ ಸುಳಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ತೆರೆದ ತೊಟ್ಟಿಯ ಮುಂದೆ ಯಾರೊಬ್ಬರೂ ನಿಲ್ಲಬಾರದು ಎಂಬುದೇ ನನ್ನ ಮಾತು. ಮುಚ್ಚಿದ ನಿರ್ವಾತ ಯಂತ್ರಗಳಲ್ಲಿ ಮಾರ್ಪಡಿಸಿದ ಆಲ್ಕೊಹಾಲ್ ಬಳಸಿ ತೊಳೆಯುವ ವಿಧಾನ ಈಗ ಇದೆ. ಸಿಕ್ಕಲು ಭಾಗಗಳಿಗೆ ಅದು ಒಳ್ಳೆಯ ದಾರಿ.

---

ಹಿತ್ತಾಳೆ

ನಡುವೆ ಬಾಯಿ ಹಾಕುತ್ತಿದ್ದೇನೆ, ನಮ್ಮದು ಹಿತ್ತಾಳೆಯನ್ನು ಬಫಿಂಗ್ ಮಾಡುವ, ಅಂದರೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ಕೊಡುವ ಕೆಲಸ. ನಿಕಲ್ ಲೇಪನಕ್ಕೆ ಮುನ್ನ, ಹೊಳಪಿಗೆಂದು ಹಚ್ಚಿದ ಬಫಿಂಗ್ ಸೋಪ್ ಮೂಲೆಗಳಲ್ಲಿ ಉಳಿದುಬಿಡುತ್ತದೆ. ಕಾಸ್ಟಿಕ್ ಹೆಚ್ಚಿಸಿದರೆ ಹಿತ್ತಾಳೆ ಕಪ್ಪಾಗುತ್ತದೆ.

---

ಸಾಣೆಕಲ್ಲು

ಬಫಿಂಗ್ ಸೋಪಿನ ಅಂಟು ಬಹುಮಟ್ಟಿಗೆ ಸ್ಟಿಯರಿಕ್ ಆಮ್ಲ, ಕೊಬ್ಬು, ಮೇಣ. ಸ್ಟಿಯರಿಕ್ ಆಮ್ಲ ಕರಗುವುದೇ ಸುಮಾರು 69 ಡಿಗ್ರಿಯಲ್ಲಿ. ತಣ್ಣನೆಯ ತೊಟ್ಟಿಯಲ್ಲಿ ಅದು ಗಟ್ಟಿಯಾಗಿಯೇ ಕೂತಿರುತ್ತದೆ. ಕಾಸ್ಟಿಕ್ ಏರಿಸಬೇಡಿ, ಹಿತ್ತಾಳೆಗೆಂದೇ ಮಾಡಿದ ಸೌಮ್ಯ ಕ್ಲೀನರ್ ಅನ್ನು ಬಿಸಿಯಾಗಿ ಬಳಸಿ, ಅಲ್ಟ್ರಾಸಾನಿಕ್ ಸೇರಿಸಿ. ಅದಕ್ಕಿಂತ ಮುಖ್ಯ, ಬಫಿಂಗ್ ಆದ ಭಾಗಗಳನ್ನು ರಾತ್ರಿಯಿಡೀ ಬಿಡಬೇಡಿ. ಕೊಬ್ಬಿನ ಆಮ್ಲಗಳು ತಾಮ್ರ ಮತ್ತು ಸತುವಿನ ಜೊತೆ ನಿಧಾನವಾಗಿ ಸೇರಿ ನೀರಿನಲ್ಲಿ ಕರಗದ ಲೋಹದ ಸಾಬೂನುಗಳಾಗುತ್ತವೆ. ಬಫಿಂಗ್ ಮಾಡುವವರು ಸೋಪನ್ನು ಎಷ್ಟು ಹಚ್ಚುತ್ತಾರೆ ಎಂಬುದನ್ನೂ ನೋಡಿ, ಸಾಮಾನ್ಯವಾಗಿ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ.

---

ಲೇಪನದಂಗಡಿ

ಕೈಗಳ ಬಗ್ಗೆ ಯಾರೂ ಬರೆದಿಲ್ಲ. ತೊಳೆದ ಭಾಗವನ್ನು ಬರಿಗೈಯಿಂದ ಮುಟ್ಟಿದರೆ ಚರ್ಮದ ಎಣ್ಣೆಯ ಜೊತೆ ಉಪ್ಪೂ ಅಂಟುತ್ತದೆ. ಪುಡಿ ಇಲ್ಲದ ನೈಟ್ರೈಲ್ ಕೈಗವಸು ಇರಲಿ. ಅದೇ ಕೈಗವಸಿನಲ್ಲಿ ಫೋರ್ಕ್‌ಲಿಫ್ಟ್‌ನ ಹಿಡಿಕೆ ಮುಟ್ಟಿ ಬಂದರೆ ಕೈಗವಸಿದ್ದೂ ವ್ಯರ್ಥ.

ಸಿಲಿಕೋನ್ ಸ್ಪ್ರೇ ಅನ್ನು ಲೇಪನದ ಕಟ್ಟಡದೊಳಗೆ ತರಲೇಬೇಡಿ. ಕೈಗೆ ಹಚ್ಚುವ ಕೆಲವು ಕ್ರೀಮ್‌ಗಳಲ್ಲೂ ಅದು ಇರುತ್ತದೆ. ಲೇಶಮಾತ್ರ ಸಿಲಿಕೋನ್ ಇದ್ದರೂ ಬಣ್ಣ ಮೀನುಗಣ್ಣಿನ ಆಕಾರದಲ್ಲಿ ಹಿಂದೆ ಸರಿಯುತ್ತದೆ, ಕ್ಷಾರದ ಕ್ಲೀನರ್ ಅದರ ಮೇಲೆ ಹೆಚ್ಚು ಪರಿಣಾಮ ಬೀರುವುದಿಲ್ಲ. ಅನೇಕ ಖನಿಜ ತೈಲಗಳು 365 ನ್ಯಾನೊಮೀಟರ್‌ನ ನೇರಳಾತೀತ ದೀಪದಲ್ಲಿ ಹೊಳೆಯುತ್ತವೆ, ಸಿಲಿಕೋನ್ ಹೊಳೆಯುವುದಿಲ್ಲ. ಆದ್ದರಿಂದ ದೀಪದಲ್ಲಿ ಏನೂ ಕಾಣಲಿಲ್ಲವೆಂದು ನೆಮ್ಮದಿಯಾಗಿರಬೇಡಿ. ಪೌಡರ್ ಸಾಲಿನ ಮೇಲಿನ ಕನ್ವೇಯರ್ ಸರಪಳಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದೆಯೇ ಎಂದೂ ತಲೆ ಎತ್ತಿ ನೋಡಿ.

---

ಲೋಹಪ್ರಿಯ

ಗಾಳಿಕೊಳವೆ ಅವರು ಹೇಳಿದ್ದು ನಿಜವಾಯಿತು. ಕಾಗದದ ಮೇಲೆ ಹಳದಿ ಕಲೆ ಬಂತು. ಊದುವ ಗನ್‌ನ ಗಾಳಿ ಲೂಬ್ರಿಕೇಟರ್ ದಾಟಿಯೇ ಬರುತ್ತಿತ್ತು. ಆ ಸಾಲನ್ನು ಬೇರ್ಪಡಿಸಿ, ಹೋಸ್ ಬದಲಾಯಿಸಿ, ಸದ್ಯಕ್ಕೆ ಬಿಸಿಗಾಳಿಯ ಬ್ಲೋವರ್ ಇಟ್ಟಿದ್ದೇವೆ. ಸತು ಲೇಪನದ ಗುಳ್ಳೆಗಳು ಬಹುಪಾಲು ನಿಂತಿವೆ. ಕ್ಷಾರದ ತೊಟ್ಟಿಗೆ ಉಕ್ಕುವ ಅಂಚು ಕಟ್ಟಿಸುವ ಕೆಲಸ ಶುರುವಾಗಿದೆ.

ಮಡಿಕೆಯ ಅಂಚಿನ ಕುಳಿಗಳು ಮಾತ್ರ ಹಾಗೇ ಇವೆ. ತೊಳೆದಾಗ ಚೊಕ್ಕಟವಾಗಿ ಕಾಣುತ್ತದೆ, ಓವನ್‌ಗೆ ಹೋದರೆ ಎಣ್ಣೆ ಹೊರಬರುತ್ತದೆ. ಆಮ್ಲದಲ್ಲಿ ಹೆಚ್ಚು ಹೊತ್ತು ಅದ್ದಿದರೆ ಸರಿಹೋಗಬಹುದೇ?

---

ರಸಾಯನಿ

ಆಮ್ಲ ತುಕ್ಕನ್ನು ತೆಗೆಯುತ್ತದೆ, ಎಣ್ಣೆಯನ್ನಲ್ಲ. ಎಣ್ಣೆ ಇರುವ ಭಾಗವನ್ನು ಆಮ್ಲಕ್ಕೆ ಇಳಿಸಿದರೆ ಆ ತೊಟ್ಟಿಯ ಮೇಲೂ ಪೊರೆ ಕಟ್ಟಿ, ಮುಂದೆ ಬರುವ ಎಲ್ಲ ಭಾಗಗಳೂ ಕೆಡುತ್ತವೆ. ಜೊತೆಗೆ ಮಡಿಕೆಯೊಳಗೆ ಸೇರಿದ ಆಮ್ಲ ಆಮೇಲೆ ಸೋರಿ ಲೇಪನದ ಅಡಿಯಿಂದ ತುಕ್ಕು ಹಿಡಿಸುತ್ತದೆ.

---

ಸಾಣೆಕಲ್ಲು

ಮಡಿಕೆಯ ಸಂದಿ ಕಿರಿದಾಗಿರುವುದರಿಂದ ಎಣ್ಣೆಯನ್ನು ಒಳಗೆ ಎಳೆದು ಹಿಡಿದಿಟ್ಟುಕೊಳ್ಳುತ್ತದೆ. ಪೌಡರ್ ಬೇಯುವ 180–200 ಡಿಗ್ರಿಯಲ್ಲಿ ಅದು ತೆಳುವಾಗಿ, ಆವಿಯಾಗಿ ಹೊರಬರುತ್ತದೆ. ಆ ಹೊತ್ತಿಗೆ ಪೌಡರ್ ಕರಗಿ ಮುಚ್ಚಿಕೊಂಡಿರುತ್ತದೆ, ಅದನ್ನು ಸೀಳಿಕೊಂಡೇ ಬರಬೇಕು. ಸರಂಧ್ರ ಎರಕಗಳಲ್ಲೂ ಪುಡಿ ಲೋಹದಿಂದ ಒತ್ತಿ ಮಾಡಿದ ಭಾಗಗಳಲ್ಲೂ ಇದೇ ಆಗುವುದು.

ತಾತ್ಕಾಲಿಕ ಉಪಾಯವೆಂದರೆ ತೊಳೆದ ಭಾಗಗಳನ್ನು ಪೌಡರ್ ಹಾಕುವ ಮೊದಲೇ ಓವನ್‌ನಲ್ಲಿ ಬೇಯಿಸುವುದು. ಉಷ್ಣತೆ ಪೌಡರ್ ಬೇಯುವುದಕ್ಕಿಂತ ತುಸು ಹೆಚ್ಚಿರಲಿ. ಹೊರಬಂದ ಎಣ್ಣೆ ಮೇಲ್ಮೈಯಲ್ಲಿ ಸುಟ್ಟು ಅಂಟಿಕೊಂಡಿದ್ದರೆ ಮತ್ತೆ ತೊಳೆಯಬೇಕಾಗುತ್ತದೆ. ಓವನ್‌ನ ಹೊಗೆ ಹೊರಹೋಗುವ ದಾರಿ ಸರಿಯಾಗಿರಬೇಕು, ಎಣ್ಣೆಯ ಆವಿ ಒಳಗೆ ತುಂಬಿಕೊಳ್ಳುವುದು ಬೆಂಕಿಗೆ ಆಹ್ವಾನ.

ಶಾಶ್ವತ ದಾರಿ ಪ್ರೆಸ್‌ನ ಬಳಿ ಇದೆ. ಮಡಚುವ ಮೊದಲು ತಗಡಿನ ಮೇಲೆ ಎಷ್ಟು ಎಣ್ಣೆ ಬೀಳುತ್ತಿದೆ? ಆ ಅಂಚಿಗೆ ಎಣ್ಣೆ ಬೇಕೇಬೇಕೇ? ಬೇಕಿದ್ದರೆ ತಾನಾಗಿ ಆರಿಹೋಗುವ ಹಗುರ ಸ್ಟ್ಯಾಂಪಿಂಗ್ ಎಣ್ಣೆಗಳಿವೆ, ನೀರಿನಲ್ಲಿ ಬೆರೆಯುವವೂ ಇವೆ. ಹಗುರ ಎಣ್ಣೆಗಳ ಆವಿ ಬೆಂಕಿ ಹಿಡಿಯಬಲ್ಲದು, ಗಾಳಿ ಆಡುವ ಜಾಗದಲ್ಲೇ ಬಳಸಿ. ಖಾಲಿ ತಗಡನ್ನು ತೊಳೆದು ಆಮೇಲೆ ಮಡಚಲು ಆಗುತ್ತದೆಯೇ ಎಂದೂ ಯೋಚಿಸಿ. ವಿನ್ಯಾಸ ಮಾಡುವವರನ್ನು ಕೂರಿಸಿಕೊಂಡು ಮಡಿಕೆಯನ್ನು ಸ್ವಲ್ಪ ತೆರೆದಿಡಲು, ಇಲ್ಲವೇ ಸೋರಲು ಒಂದು ಕಚ್ಚು ಕೊಡಲು ಒಪ್ಪಿಸಿದರೆ ಇನ್ನೂ ಒಳ್ಳೆಯದು.

---

ಲೋಹಪ್ರಿಯ

ಪ್ರೆಸ್‌ನಲ್ಲಿ ಎಣ್ಣೆಯನ್ನು ರೋಲರ್‌ನಿಂದ ತಗಡಿನ ಎರಡೂ ಬದಿಗೆ, ಪೂರ್ತಿ ಅಗಲಕ್ಕೆ ಹಚ್ಚುತ್ತಾರೆ. ಮಡಚುವ ಅಂಚಿಗೆ ನಿಜಕ್ಕೂ ಬೇಕಾಗಿಲ್ಲ ಎಂದು ಡೈ ಮಾಡಿದವರು ಹೇಳುತ್ತಿದ್ದಾರೆ. ಅಂಚಿನ ಪಟ್ಟಿಯಷ್ಟು ರೋಲರ್ ಕತ್ತರಿಸಿ ಒಂದು ಬ್ಯಾಚ್ ಓಡಿಸುತ್ತೇವೆ. ಅದರಲ್ಲಿ ಅರ್ಧವನ್ನು ಮೊದಲೇ ಬೇಯಿಸಿ, ಅರ್ಧವನ್ನು ಬೇಯಿಸದೆ ಪೌಡರ್‌ಗೆ ಕಳುಹಿಸಿ, ಬಂದದ್ದನ್ನು ಇಲ್ಲಿ ಬರೆಯುತ್ತೇನೆ.

---

ಲೇಪನದಂಗಡಿ

ಎರಡೂ ಅರ್ಧಗಳನ್ನು ಒಂದೇ ರ್‍ಯಾಕ್‌ನಲ್ಲಿ, ಮಡಿಕೆ ಕೆಳಮುಖವಾಗಿ ತೂಗುಹಾಕಿ. ತೊಳೆಯುವಾಗಲೂ ಹಾಗೆಯೇ ಇರಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ.